ಆಷಾಢಕ್ಕೊಂದು ಕಣಜ

ಕ್ರಿಸ್ತಜಯಂತಿಯ ಮುನ್ನಾ ವಾರದಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಬಡ ಕುಟುಂಬಗಳಿಗೆ ಕಿರಾಣಿ ಸಾಮಾನಿನ ಚೀಲ ಹಂಚುವುದು ಬಹುಕಾಲದ ವಾಡಿಕೆ. ಅಕ್ಕಿ, ಬೇಳೆ, ಸಕ್ಕರೆ, ಒಂದು ಪಾಕೀಟು ಎಣ್ಣೆ, ಮೇಲೊಂದು ಕೇಕು. ಕೊಡುವವರ ಮನಸ್ಸು ತುಂಬಿರುತ್ತದೆ, ಪಡೆಯುವವರ ಮನೆಯಲ್ಲಿ ಹಬ್ಬದ ಅಡಿಗೆಯಾಗುತ್ತದೆ. ಇದನ್ನು ನಿಲ್ಲಿಸಬೇಕೆಂದು ನಾವು ಹೇಳಲಾರೆವು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯ ಅಡಿಗೆಮನೆಗಳನ್ನು ಬಲ್ಲವರು ಒಂದು ಮಾತನ್ನು ಒಪ್ಪಬೇಕಾದೀತು. ನಮ್ಮ ಚೀಲ ಹೋಗುವ ತಿಂಗಳು ಈ ನೆಲದ ಹಸಿವಿನ ತಿಂಗಳಲ್ಲ.

ಡಿಸೆಂಬರಿನಲ್ಲಿ ಇಲ್ಲಿ ಹತ್ತಿ ಬಿಡಿಸುವ ಕೂಲಿ ಇರುತ್ತದೆ. ಅದರ ಬೆನ್ನಿಗೇ ಮೆಣಸಿನಕಾಯಿ, ಕಡಲೆ, ಬಿಳಿಜೋಳದ ಸುಗ್ಗಿ ಬರುತ್ತದೆ. ಹೊಲವಿಲ್ಲದವರಿಗೂ ವಾರದ ಬಟವಾಡೆ ಉಂಟು, ಅಂಗಡಿಯ ಉದ್ರಿ ಪುಸ್ತಕದಲ್ಲಿ ಹಳೆಯ ಬಾಕಿ ಒಂದಿಷ್ಟು ತೀರುತ್ತದೆ. ನಿಜವಾದ ಬಿಕ್ಕಟ್ಟು ಬರುವುದು ಮುಂಗಾರಿಯ ಹೊತ್ತಿಗೆ. ಮನೆಯ ಜೋಳ ತಳ ಕಂಡಿರುತ್ತದೆ, ಬೀಜ-ಗೊಬ್ಬರಕ್ಕೆ ಸಾಲವಾಗಿರುತ್ತದೆ, ಮಕ್ಕಳ ಶಾಲೆ ಆರಂಭವಾಗಿ ಪುಸ್ತಕ, ಸಮವಸ್ತ್ರ, ಚಪ್ಪಲಿಗಳ ಖರ್ಚು ಒಮ್ಮೆಲೇ ಎರಗುತ್ತದೆ. ಮಳೆ ಹಿಡಿದರೆ ಊರಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ, ಮಳೆ ಕೈಕೊಟ್ಟರೆ ಹೊಲದಲ್ಲಿ ಕಳೆ ತೆಗೆಯುವ ಕೆಲಸವೂ ಇಲ್ಲ. ಬೆಟಗೇರಿಯ ನೇಕಾರರ ಕಷ್ಟ ಬೇರೆ ಬಗೆಯದು. ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಯಿಲ್ಲದಿದ್ದರೆ ಸೀರೆಗೆ ಬೇಡಿಕೆ ತಗ್ಗುತ್ತದೆ. ಹೆಸರುಕಾಯಿ ಹರಿಯುವ ಕೂಲಿ ಆರಂಭವಾಗುವವರೆಗೆ, ಅಂದರೆ ಶ್ರಾವಣ ಅರ್ಧ ಕಳೆಯುವವರೆಗೆ, ಎಷ್ಟೋ ಮನೆಗಳಲ್ಲಿ ರೊಟ್ಟಿಯ ಎಣಿಕೆ ಕಡಿಮೆಯಾಗುತ್ತದೆ. ಮೊದಲು ಕಡಿಮೆಯಾಗುವುದು ತಾಯಿಯ ತಾಟಿನಲ್ಲಿ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಆಕೆ ಉಣ್ಣುವುದು ಎಲ್ಲರ ಊಟವಾದ ಮೇಲೆ.

ಹೀಗೆಂದೊಡನೆ ಓದುಗರಲ್ಲಿ ಕೆಲವರು ಕೇಳುವುದು ಸಹಜ: ಸರಕಾರ ಪುಕ್ಕಟೆ ಅಕ್ಕಿ ಕೊಡುತ್ತಿರುವಾಗ ಹಸಿವು ಎಲ್ಲಿಂದ ಬಂತು? ಪ್ರಶ್ನೆ ನ್ಯಾಯವಾದದ್ದೇ. 2013ರಲ್ಲಿ ಸಂಸತ್ತು ಆಹಾರ ಭದ್ರತಾ ಕಾಯಿದೆಯನ್ನು ಅಂಗೀಕರಿಸಿ ತಲೆಗೆ 5 ಕಿಲೋ ಧಾನ್ಯವನ್ನು ಹಕ್ಕನ್ನಾಗಿಸಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರಲ್ಲಿ ಇನ್ನೂ 5 ಕಿಲೋ ಸೇರಿಸುವ ವಾಗ್ದಾನ ಬಂದು, ಅಕ್ಕಿ ಸಿಗದ ಕಾರಣ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕಿನ ಖಾತೆಗೆ ಜಮಾ ಆಗತೊಡಗಿತು. 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡಲಾಯಿತು. ಇವೆಲ್ಲ ಸಣ್ಣ ಕೆಲಸಗಳಲ್ಲ. ಬರಗಾಲದ ಗಂಜಿ ಕೇಂದ್ರಗಳ ಸಾಲಿನಲ್ಲಿ ನಿಂತದ್ದನ್ನು ನೆನೆಯುವ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗಲೂ ಅಂಥ ಸಾಲುಗಳು ಮರಳಿ ಬರಲಿಲ್ಲವೆಂದರೆ ಅದರಲ್ಲಿ ಪಡಿತರ ಅಂಗಡಿಯ ಪಾಲು ದೊಡ್ಡದು.

ಆದರೆ ಅಕ್ಕಿಯೊಂದೇ ಅಡಿಗೆಮನೆಯಲ್ಲ. ಎರೆಭೂಮಿಯ ಈ ಸೀಮೆಯಲ್ಲಿ ಊಟವೆಂದರೆ ಜೋಳದ ರೊಟ್ಟಿ, ಪಲ್ಯ, ಕಾಳು, ಮೇಲಿಷ್ಟು ಶೇಂಗಾ ಅಥವಾ ಗುರೆಳ್ಳು ಚಟ್ನಿ. ಅನ್ನ ಬರುವುದು ಊಟದ ಕಡೆಗೆ, ಅದಕ್ಕೂ ಸಾರು ಬೇಕು. ಬೇಳೆ, ಎಣ್ಣೆ, ಖಾರದಪುಡಿ, ಉಪ್ಪು, ಚಹಪುಡಿ, ಬೆಲ್ಲ, ಮೈಸಾಬೂನು, ಇವನ್ನೆಲ್ಲ ಕಿರಾಣಿ ಅಂಗಡಿಯಿಂದಲೇ ತರಬೇಕು. ಕೈಯಲ್ಲಿ ಹಣವಿಲ್ಲದವನು ಅಲ್ಲಿ ಹೆಚ್ಚು ಬೆಲೆ ತೆರುತ್ತಾನೆ, ಇದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಸಂಬಳದವರು ತಿಂಗಳಿಗೊಮ್ಮೆ ಐದು ಲೀಟರಿನ ಎಣ್ಣೆ ಡಬ್ಬಿ ಒಯ್ದರೆ, ಕೂಲಿಯವಳು ದಿನಕ್ಕೆ ಹತ್ತು ರೂಪಾಯಿಯ ಎಣ್ಣೆ ಅಳೆಸಿಕೊಳ್ಳುತ್ತಾಳೆ. ಲೆಕ್ಕ ಹಾಕಿ ನೋಡಿದರೆ ಲೀಟರಿಗೆ ಆಕೆ ಕೊಟ್ಟ ಬೆಲೆಯೇ ಹೆಚ್ಚಾಗಿರುತ್ತದೆ. ಉದ್ರಿ ಬರೆಸಿದವಳು ತೂಕವನ್ನೂ ಬೆಲೆಯನ್ನೂ ಪ್ರಶ್ನಿಸಲಾರಳು, ಬೇರೆ ಅಂಗಡಿಗೆ ಹೋಗಲಾರಳು.

ಪಡಿತರದ ಅಕ್ಕಿಯನ್ನು ಮಾರಿಕೊಳ್ಳುತ್ತಾರೆಂಬ ದೂರು ಬಲಿಪೂಜೆ ಮುಗಿಸಿ ಹೊರಬಂದಾಗ ಅಂಗಳದಲ್ಲೇ ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಮಾರುವುದು ಕಾನೂನಿಗೆ ವಿರುದ್ಧ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೂ ಅಕ್ಕಿ ಕೊಟ್ಟು ಜೋಳ ಒಯ್ದವಳನ್ನೂ ಅದೇ ಅಕ್ಕಿಯನ್ನು ಲಾರಿಗಟ್ಟಲೆ ಹೊರರಾಜ್ಯಕ್ಕೆ ಸಾಗಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನೀತಿಶಾಸ್ತ್ರದ ಪಾಠವನ್ನು ಅರ್ಧ ಓದಿದವರ ಲಕ್ಷಣ. ಆಕೆಯ ಮನೆಯಲ್ಲಿ ಏನು ಇಲ್ಲವೆಂಬುದನ್ನು ಆ ವಿನಿಮಯವೇ ನಮಗೆ ತಿಳಿಸುತ್ತಿತ್ತು. ಇದು ಕಡೆಗೆ ಸರಕಾರಕ್ಕೂ ಮನವರಿಕೆಯಾದಂತಿದೆ. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟವು ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಚೀಲ ಕೊಡುವ ತೀರ್ಮಾನಕ್ಕೆ ಬಂತು. ತೀರ್ಮಾನ ಒಳ್ಳೆಯದು. ಆದರೆ ಎಂಥ ಒಳ್ಳೆಯ ಯೋಜನೆಯಲ್ಲೂ ಹೊರಗುಳಿಯುವವರು ಇರುತ್ತಾರೆ: ಹೆಬ್ಬೆಟ್ಟಿನ ಗೆರೆ ಸವೆದು ಯಂತ್ರ ಒಪ್ಪಿಕೊಳ್ಳದ ಮುದುಕಿ, ಕಾರ್ಡಿನಲ್ಲಿ ಹೆಸರು ಸೇರದ ಮಗು, ಗಂಡ ತೀರಿದ ಮೇಲೆ ಅತ್ತೆಮನೆಯ ಕಾರ್ಡಿನಿಂದ ಬೇರೆಯಾಗಿ ಹೊಸದಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಹೆಣ್ಣುಮಗಳು, ಮುಂಡರಗಿಯ ಕಡೆಯಿಂದ ಗೋವೆಗೋ ಮಂಗಳೂರಿಗೋ ಗುಳೆ ಹೋಗಿ ಬರಿಗೈಯಲ್ಲಿ ಮರಳಿದ ತಾಂಡಾದ ಸಂಸಾರ.

ನಾವು ಹೇಳಹೊರಟಿರುವ ಕಣಜ ಇವರಿಗಾಗಿ. ಪ್ರತಿ ಧರ್ಮಕೇಂದ್ರದ ಸುತ್ತಲಿನ ನೆರೆಹೊರೆಯಲ್ಲಿ ಒಂದು ಕಪಾಟು, ಎರಡು ತಗಡಿನ ಡಬ್ಬಿ, ಒಂದು ತಕ್ಕಡಿ. ಉಳ್ಳವರು ತಂದಿಡುವುದು, ಬೇಕಾದವರು ಬಂದು ಒಯ್ಯುವುದು. ಅರ್ಜಿ ಬೇಡ, ಪ್ರಮಾಣಪತ್ರ ಬೇಡ.

ಇಂಥದು ಹೊರದೇಶಗಳಲ್ಲಿ ಇಲ್ಲದಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬ ಕಥೋಲಿಕ ಗೃಹಸ್ಥರು, ಅಂಗಡಿಗಳು ಎಸೆಯುವ ತಿನ್ನಲು ಯೋಗ್ಯವಾದ ಆಹಾರವನ್ನು ಕಂಡು, ಸಂತ ಮರಿಯಮ್ಮನವರ ಧರ್ಮಕೇಂದ್ರವು ಬಿಟ್ಟುಕೊಟ್ಟ ಹಳೆಯ ಬೇಕರಿಯೊಂದರಲ್ಲಿ 1967ರಲ್ಲಿ ಆಹಾರದ ಬ್ಯಾಂಕು ತೆರೆದರು. ಜಗತ್ತಿನ ಮೊದಲ ಆಹಾರ ಬ್ಯಾಂಕು ಅದೇ ಎನ್ನುತ್ತಾರೆ. ಆ ದಾರಿ ನಮಗೆ ಪೂರ್ತಿ ಒಗ್ಗದು. ಅಲ್ಲಿ ಕಣಜ ತುಂಬುವುದು ದೊಡ್ಡ ಅಂಗಡಿಗಳ ಮಿಗತೆಯಿಂದ, ನಮ್ಮ ಊರಿನ ಕಿರಾಣಿ ಅಂಗಡಿಯವರು ಎಸೆಯುವಂಥದು ಏನೂ ಇಲ್ಲ. ನಮಗೆ ಹೆಚ್ಚು ಹತ್ತಿರವಾದದ್ದು ಫಿಲಿಪೈನ್ಸಿನ ಉದಾಹರಣೆ. 2021ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ದುಡಿಮೆ ನಿಂತಿದ್ದಾಗ, ಕ್ವೆಜೋನ್ ನಗರದ ಒಂದು ಬೀದಿಯಲ್ಲಿ ಆನಾ ಪೆಟ್ರೀಶಿಯಾ ನಾನ್ ಎಂಬ ತರುಣಿ ಬಿದಿರಿನ ಒಂದು ಕೈಗಾಡಿಯಲ್ಲಿ ತರಕಾರಿ, ಅಕ್ಕಿ, ಡಬ್ಬಿಯ ಆಹಾರ ಇಟ್ಟು, ಆದವರು ಕೊಡಿ, ಬೇಕಾದವರು ಒಯ್ಯಿರಿ ಎಂಬರ್ಥದ ಫಲಕ ತೂಗಿಸಿದಳು. ಕೆಲವೇ ದಿನಗಳಲ್ಲಿ ದೇಶದ ತುಂಬ ಅಂಥ ಗಾಡಿಗಳು ನಿಂತವು. ಅದೇ ತಿಂಗಳು ಹೆಸರಾಂತ ನಟಿಯೊಬ್ಬರು ತಮ್ಮ ಹುಟ್ಟುಹಬ್ಬದಂದು ಇಂಥದೇ ಏರ್ಪಾಡು ಮಾಡಿದಾಗ ಕಿಕ್ಕಿರಿದ ಜನಜಂಗುಳಿಯಲ್ಲಿ ಮುದುಕರೊಬ್ಬರು ಪ್ರಾಣ ಕಳೆದುಕೊಂಡರು. ಪ್ರಚಾರ ದೊಡ್ಡದಾದಷ್ಟೂ ಸಾಲು ಉದ್ದವಾಗುತ್ತದೆ, ಸಾಲು ಉದ್ದವಾದಷ್ಟೂ ತೀರ ಅಶಕ್ತರು ಹಿಂದೆ ಉಳಿಯುತ್ತಾರೆ. ಕಣಜ ಸಣ್ಣದಿರಬೇಕು, ಬೀದಿಗೊಂದು ಇರಬೇಕು, ಸದ್ದು ಮಾಡಬಾರದು ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಅಷ್ಟಕ್ಕೂ ಈ ಪಾಠವನ್ನು ಕಡಲಾಚೆಯಿಂದ ತರುವ ಅಗತ್ಯ ಗದಗಿನವರಿಗಿಲ್ಲ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಸಾಹುಕಾರನ ಬಡ್ಡಿಯ ಬಾಯಿಗೆ ಬೀಳುತ್ತಿದ್ದ ರೈತರು ತಮ್ಮ ತಮ್ಮಲ್ಲೇ ಅಷ್ಟಿಷ್ಟು ಕೂಡಿಸಿ ಒಬ್ಬರಿಗೊಬ್ಬರು ಆಸರೆಯಾಗಬಹುದೆಂದು ಒಂದು ಹಳ್ಳಿ ತೋರಿಸಿಕೊಟ್ಟಿತು. ಅದರ ಬಲ ಮೊತ್ತದಲ್ಲಿರಲಿಲ್ಲ, ಕೊಡುವವನೂ ಪಡೆಯುವವನೂ ಒಂದೇ ಓಣಿಯವರೆಂಬುದರಲ್ಲಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿರಿ. ಪಂಚಾಕ್ಷರಿ ಗವಾಯಿಗಳು ಹಾಕಿಕೊಟ್ಟು, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಮನೆಯಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ಜೊತೆಗೆ ಅನ್ನವೂ ಸಿಕ್ಕಿತು, ಮತ್ತು ಆ ಅನ್ನ ಬಂದದ್ದು ಭಕ್ತರ ಮನೆಗಳಿಂದ. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ. ಶಿರಹಟ್ಟಿಯ ಫಕೀರೇಶ್ವರ ಮಠದ ಅಂಗಳದಲ್ಲಿ ಹಿಂದೂ ಮುಸಲ್ಮಾನರೆಂಬ ಭೇದ ಕೇಳಿಬರುವುದಿಲ್ಲ. ಈ ನಾಡಿನ ಶರಣರು ದಾನ ಎನ್ನುವ ಮಾತಿಗಿಂತ ದಾಸೋಹ ಎನ್ನುವ ಮಾತಿಗೆ ಮನ್ನಣೆ ಕೊಟ್ಟರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಶಿಷ್ಯರ ಕಾಲು ತೊಳೆದ ಗುರುವನ್ನು ಪ್ರಭುವೆಂದು ಕರೆಯುವ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ನಮ್ಮನ್ನು ಬೆಚ್ಚಿಬೀಳಿಸಿತ್ತು. ಆಸ್ತಿಯನ್ನು ಹೊಂದುವ ಹಕ್ಕನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಅಗತ್ಯವನ್ನು ಮೀರಿ ಮಿಕ್ಕಿದ್ದು ನಿಸರ್ಗಸಿದ್ಧ ನ್ಯಾಯದ ಪ್ರಕಾರ ಬಡವರ ಪೋಷಣೆಗೆ ಸಲ್ಲಬೇಕಾದದ್ದು, ಪ್ರಾಣ ಹೋಗುವಂಥ ಕೊರತೆಯಲ್ಲಿ ಒಬ್ಬನು ಪರರ ವಸ್ತುವಿನಿಂದ ಬದುಕಿಕೊಂಡರೆ ಅದು ಕಳವು ಎನ್ನಿಸಿಕೊಳ್ಳದು ಎಂದು ಹದಿಮೂರನೆಯ ಶತಮಾನದಲ್ಲೇ ಅವರು ವಾದಿಸಿದರು. ಅವರಿಗೂ ಮುನ್ನ ಸಂತ ಬೆಸಿಲರು ಕಪಾಟಿನಲ್ಲಿ ಕೊಳೆಯುವ ಬಟ್ಟೆಯನ್ನೂ ಬೀರುವಿನಲ್ಲಿ ಕೂತ ರೊಟ್ಟಿಯನ್ನೂ ಕುರಿತು ಇದೇ ಮಾತನ್ನು ಇನ್ನೂ ಕಟುವಾಗಿ ಬೋಧಿಸಿದ್ದರು. ಇದರ ಅರ್ಥವಿಷ್ಟೇ: ಡಿಸೆಂಬರಿನ ಚೀಲವನ್ನು ನಾವು ಔದಾರ್ಯದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ, ಶ್ರೀಸಭೆಯ ಆಚಾರ್ಯರು ಅದನ್ನು ಬಾಕಿ ತೀರಿಸಿದ ಲೆಕ್ಕಕ್ಕೆ ಬರೆಯುತ್ತಾರೆ. ಬಾಕಿ ತೀರಿಸುವವನು ಸಾಲಗಾರನನ್ನು ವೇದಿಕೆಗೆ ಕರೆದು, ಕೈಯಲ್ಲಿ ಚೀಲ ಹಿಡಿಸಿ, ಫೋಟೋ ತೆಗೆಸುವುದುಂಟೇ? ಕಣಜದ ಬಳಿ ಕ್ಯಾಮೆರಾ ಬರಕೂಡದು, ಮೊಬೈಲಿನದಂತೂ ಬರಲೇಕೂಡದು. ಈ ವಿಷಯದಲ್ಲಿ ನಾವು ಯಾರೊಂದಿಗೂ ಚೌಕಾಶಿ ಮಾಡಲು ಸಿದ್ಧರಿಲ್ಲ. ತನ್ನ ತರಗತಿಯ ಹುಡುಗರು ತನ್ನ ತಾಯಿಯ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ನೋಡಿದ ಬಳಿಕ ಒಂದು ಹುಡುಗಿ ಮತ್ತೆ ಆ ಚೀಲದ ಅನ್ನವನ್ನು ಉಣ್ಣುವಳೇ ಎಂಬುದನ್ನು ತಾಯಂದಿರು ಯೋಚಿಸಲಿ.

ಇನ್ನು ಒಂದು ಕಷ್ಟದ ಪ್ರಶ್ನೆ. ಕಣಜ ಯಾರಿಗೆ? ನಮ್ಮ ಸೀಮೆಯಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯವು. ನಮ್ಮವರಿಗಷ್ಟೇ ಎಂದು ಬೀಗ ಹಾಕಿದರೆ ಅದು ನೆರೆಹೊರೆಯ ಕಣಜವಾಗದು, ಸಂಘದ ಉಗ್ರಾಣವಾದೀತು. ಎಲ್ಲರಿಗೂ ಎಂದರೆ ಇನ್ನೊಂದು ಬದಿಯಿಂದ ಗುಸುಗುಸು ಏಳುತ್ತದೆ. ಮತಾಂತರ ನಿಷೇಧ ಕಾಯಿದೆಯ ಚರ್ಚೆ ನಡೆದ 2021-22ರ ದಿನಗಳಲ್ಲಿ ಆಮಿಷ ಎಂಬ ಪದ ಎಷ್ಟು ಅಗ್ಗವಾಗಿ ಬಳಕೆಯಾಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಆ ಸಂಶಯಕ್ಕೆ ಹೆದರಿ ಕೈಕಟ್ಟಿ ಕೂರುವುದು ಸುಲಭ, ಕೆಲವು ಕಡೆ ಹಾಗೆಯೇ ಆಗಿದೆ. ಆದರೆ ಸಂಶಯಪಡುವವರೆಲ್ಲ ದುಷ್ಟರೆಂದು ತಿಳಿಯುವುದೂ ತಪ್ಪು. ಅನ್ನದ ಜೊತೆ ಏನನ್ನಾದರೂ ಕೇಳುವವರನ್ನು ಜನ ಹಿಂದೆ ಕಂಡಿದ್ದಾರೆ, ಅದು ಮತವಿರಬಹುದು, ಮತದಾನವೂ ಇರಬಹುದು. ಸಂಶಯವನ್ನು ನೀಗುವುದಕ್ಕೆ ಭಾಷಣಕ್ಕಿಂತ ವ್ಯವಸ್ಥೆ ಲೇಸು. ಕಪಾಟು ದೇವಾಲಯದ ಒಳಗೆ ಇರುವುದು ಬೇಡ, ರಸ್ತೆಗೆ ಕಾಣುವ ಜಗುಲಿಯಲ್ಲಿರಲಿ, ಇಲ್ಲವೇ ನೆರೆಯವರೊಬ್ಬರ ಪಡಸಾಲೆಯಲ್ಲಿರಲಿ. ಅದರ ಮೇಲೆ ಯಾವ ಚಿತ್ರವೂ ಬೇಡ, ದಾನಿಗಳ ಹೆಸರೂ ಬೇಡ. ಬೀಗದ ಕೈಗಳು ಇಬ್ಬರು ಹೆಣ್ಣುಮಕ್ಕಳ ಬಳಿ ಇರಲಿ, ಅವರಲ್ಲಿ ಒಬ್ಬಾಕೆ ನಮ್ಮ ಮತದವಳಾಗಿರದಿರಲಿ. ಹೊರಗಿನವರು ತಂದು ಹಾಕುವ ಜೋಳವನ್ನೂ ಸಂತೋಷದಿಂದ ಸ್ವೀಕರಿಸೋಣ. ತಾವೂ ಒಂದು ಸೇರು ಹಾಕಿದ ಡಬ್ಬಿಯನ್ನು ಯಾರೂ ಆಮಿಷ ಎನ್ನಲಾರರು.

ಆದಿಸಭೆಯಲ್ಲಿ ಎದ್ದ ಮೊದಲ ತಕರಾರುಗಳಲ್ಲಿ ಒಂದು ಊಟದ ಹಂಚಿಕೆಯದೇ ಆಗಿತ್ತೆಂಬುದನ್ನು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ಓದಿದವರು ಬಲ್ಲರು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ದೂರು ಬಂತು. ಪ್ರೇಷಿತರು ದೂರು ಕೊಟ್ಟವರನ್ನು ಗದರಲಿಲ್ಲ, ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೇ ನೇಮಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಯಾರ ಪಾಲು ತಪ್ಪಿತ್ತೋ ಅವರ ಕಡೆಯವರಿಗೇ ಹಂಚಿಕೆಯ ಹೊಣೆ ಬಂತೆಂದು ಹಲವು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಕಣಜದ ಸಮಿತಿ ಮಾಡುವಾಗ ಸಂಬಳದಾರರನ್ನೇ ತುಂಬಿಸುವವರು ಇದನ್ನು ಗಮನಿಸಬೇಕು. ಆಷಾಢದಲ್ಲಿ ತಾನೇ ಉದ್ರಿ ತಂದವಳಿಗೆ ಯಾರ ಮನೆಯ ಒಲೆ ಉರಿದಿಲ್ಲವೆಂಬುದು ಗೊತ್ತಿರುತ್ತದೆ, ಧರ್ಮಗುರುವಿಗೆ ಗೊತ್ತಿರುವುದಿಲ್ಲ.

ಜನ ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪಕ್ಕೆ ನಾವು ಹೆಚ್ಚು ಹೇಳುವುದಿಲ್ಲ. ಐದು ಕಿಲೋ ಜೋಳಕ್ಕಾಗಿ ದುಡಿಮೆ ಬಿಟ್ಟವರನ್ನು ನಾವಂತೂ ಕಂಡಿಲ್ಲ. ನಮ್ಮ ಹಳ್ಳಿಗಳಲ್ಲಿ ಅಕ್ಕಪಕ್ಕದ ಮನೆಯವರು ಹಿಟ್ಟು, ಎಣ್ಣೆ, ಕಾಳುಗಳನ್ನು ಕಡ ತರುತ್ತಿದ್ದರು, ಸುಗ್ಗಿಯಾದ ಮೇಲೆ ಅಳತೆಗಿಂತ ಒಂದು ಹಿಡಿ ಹೆಚ್ಚೇ ಹಾಕಿ ಮರಳಿಸುತ್ತಿದ್ದರು. ಕಣಜವೂ ಹಾಗೆ ನಡೆಯಲಿ. ಒಯ್ದವರು ಹೆಸರು ಹರಿದ ಕೂಲಿ ಕೈಗೆ ಬಂದಾಗ ಮನಸ್ಸಿದ್ದರೆ ಒಂದಿಷ್ಟು ತಂದು ಹಾಕಲಿ, ಇಲ್ಲದಿದ್ದರೆ ಇಲ್ಲ. ಪುಸ್ತಕದಲ್ಲಿ ಒಳಬಂದದ್ದರ ಮತ್ತು ಹೊರಹೋದದ್ದರ ತೂಕವಷ್ಟೇ ಇರಲಿ, ಒಯ್ದವರ ಹೆಸರಿಲ್ಲದಿರಲಿ. ತಿಂಗಳಿಗೊಮ್ಮೆ ಆ ತೂಕವನ್ನು ಎಲ್ಲರೆದುರು ಓದಿ ಹೇಳಿದರೆ ಲೆಕ್ಕವೂ ಶುದ್ಧವಾಗುತ್ತದೆ, ಮಾನವೂ ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕಣಜವಿದೆಯೆಂದು ಪಡಿತರದ ಹಕ್ಕನ್ನು ಮರೆಯುವಂತಾಗಬಾರದು. ಕಾರ್ಡಿಲ್ಲದೆ ಬಂದವಳಿಗೆ ಜೋಳ ಅಳೆದು ಕೊಟ್ಟ ಮೇಲೆ, ನಮ್ಮ ಯುವಜನರಲ್ಲಿ ಒಬ್ಬರು ಆಕೆಯ ಅರ್ಜಿ ಬರೆದು ತಹಶೀಲ್ದಾರರ ಕಚೇರಿಯವರೆಗೆ ಜೊತೆಗೆ ಹೋಗಿಬರಬೇಕು. ಚೀಲ ಹೊರುವುದಕ್ಕಿಂತ ಇದು ಬೇಸರದ ಕೆಲಸ, ಮತ್ತು ಹೆಚ್ಚು ದಿನ ಬಾಳುವ ಕೆಲಸ.

ಧಾನ್ಯ ಎಲ್ಲಿಂದ ಬರಬೇಕೆಂದು ಕೇಳುವವರಿಗೆ ಹಳೆಯ ಮುಷ್ಟಿಯ ಪದ್ಧತಿಯೇ ಉತ್ತರ. ರೊಟ್ಟಿಗೆಂದು ಜೋಳ ಅಳೆಯುವಾಗ ದಿನಕ್ಕೊಂದು ಮುಷ್ಟಿ ಬೇರೆ ತೆಗೆದಿಡುವುದು. ಮುಷ್ಟಿಗೆ 50 ಗ್ರಾಂ ಎಂದು ಹಿಡಿದರೂ ತಿಂಗಳಿಗೆ ಮನೆಯೊಂದಕ್ಕೆ ಒಂದೂವರೆ ಕಿಲೋ, 40 ಮನೆಗಳಿಂದ 60 ಕಿಲೋ. ಹಿಂಗಾರಿ ಜೋಳ ಮನೆಗೆ ಬರುವ ಫೆಬ್ರುವರಿಯಿಂದ ಮೇವರೆಗೆ ನಾಲ್ಕು ತಿಂಗಳು ಕೂಡಿಟ್ಟರೆ 240 ಕಿಲೋ. ಐದೈದು ಕಿಲೋದಂತೆ 48 ಸಲ ಕೊಡಬಹುದು. ಸಣ್ಣ ಓಣಿಯೊಂದು ಆಷಾಢ ದಾಟಲು ಅಷ್ಟು ಸಾಕಾಗಬಹುದು. ಬೇಳೆ ಮತ್ತು ಎಣ್ಣೆಗೆ ರೊಕ್ಕ ಬೇಕು. ಕ್ರಿಸ್ತಜಯಂತಿಯ ಕಾಣಿಕೆಯಲ್ಲಿ ಅರ್ಧವನ್ನು ಅದಕ್ಕೆಂದು ತೆಗೆದಿಡಲು ನಾವು ಮನೆಮನೆಯವರನ್ನು ಕೇಳಿಕೊಳ್ಳುತ್ತೇವೆ. ಕೇಕು ಸ್ವಲ್ಪ ಚಿಕ್ಕದಾದೀತು.

ಕಣಜದ ಬಾಗಿಲು ತೆರೆಯುವುದಕ್ಕೆ ಶ್ರೀಸಭೆಯ ಪಂಚಾಂಗದಲ್ಲೇ ಒಂದು ದಿನವಿದೆ. ಜೂನ್ 13, ಪಾದುವದ ಸಂತ ಅಂತೋಣಿಯವರ ಹಬ್ಬ. ಇಲ್ಲಿ ಅದು ಮೃಗಶಿರಾ ಮಳೆಯ ಕಾಲ. 1890ರಲ್ಲಿ ಫ್ರಾನ್ಸಿನ ತೂಲೋನ್ ನಗರದಲ್ಲಿ ಲೂಯಿಸ್ ಬೂಫಿಯೆ ಎಂಬ ಅಂಗಡಿಯಾಕೆ, ತೆರೆಯದೆ ಕಾಡಿದ ಅಂಗಡಿಯ ಬೀಗ ತೆರೆದರೆ ಬಡವರಿಗೆ ರೊಟ್ಟಿ ಕೊಡುವೆನೆಂದು ಸಂತರಿಗೆ ಹರಕೆ ಹೊತ್ತಳು. ಬೀಗ ತೆರೆಯಿತು, ಅಂಗಡಿಯ ಹಿಂದಿನ ಕೋಣೆಯಲ್ಲಿ ಬಡವರ ರೊಟ್ಟಿಗೆಂದು ಕಾಣಿಕೆ ಡಬ್ಬಿ ಬಂತು, ಸಂತ ಅಂತೋಣಿಯವರ ರೊಟ್ಟಿಯೆಂಬ ಭಕ್ತಿ ಅಲ್ಲಿಂದ ಹಬ್ಬಿತು. ನಮ್ಮಲ್ಲಿ ಅದು ಕುಗ್ಗುತ್ತ ಕುಗ್ಗುತ್ತ, ಪೂಜೆಯ ಬಳಿಕ ಹೊಟ್ಟೆ ತುಂಬಿದವರೇ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಪುಟ್ಟ ಬನ್ನಾಗಿ ಉಳಿದಿದೆ. ಮುಂದಿನ ಹಬ್ಬದಂದು ಆಶೀರ್ವಾದಕ್ಕೆ ಬನ್ನಿನ ಬುಟ್ಟಿಯ ಪಕ್ಕದಲ್ಲಿ ಜೋಳದ ಚೀಲಗಳೂ ಬರಲಿ. ಹಿಟ್ಟು ಮಾತ್ರ ತರಬೇಡಿರಿ, ಮಳೆಗಾಲದ ತೇವದಲ್ಲಿ ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ. ಕಾಳನ್ನೇ ತನ್ನಿರಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ನಡುವೆ ಒಂದಿಷ್ಟು ಒಣ ಬೇವಿನ ಎಲೆ ಹಾಕಿ.